ದೇವಯ್ಯ ತುಂಬಿದ ತೋಟೆ

ಮುದ್ದೆ ಕೋಲು ತಿರುವುತ್ತಿದ್ದ ದೇವಯ್ಯನ ಕೈ ಅರ್ಧಕ್ಕೇ ನಿಂತಿತು. ಹಿಟ್ಟು ತಳ ಹಿಡಿಯುವ ವಾಸನೆ ಮೂಗಿಗೆ ಬಂದರೂ ಅವನು ಅಲುಗಾಡಲಿಲ್ಲ. ಮೊನ್ನೆ ತುಂಬಿದ ಕೋವಿಯ ತೋಟೆಗಳಲ್ಲಿ ಒಂದಕ್ಕೆ ತಾನು ಎರಡು ಸಲ ಮದ್ದು ಹಾಕಿರಬಹುದು ಎಂದು, ಯಾರೋ ಹಿಂದಿನಿಂದ ಬಂದು ಹೆಗಲು ಮುಟ್ಟಿ ಹೇಳಿದ ಹಾಗೆ ಅನ್ನಿಸಿತು. ಹಾಕಿದ್ದೇನೆ ಎಂದಲ್ಲ, ಹಾಕಿರಬಹುದು ಎಂದು. ಹಾಕಿದ್ದೇನೆ ಎಂದೇ ಗೊತ್ತಿದ್ದರೆ ಒಂದು ಕಡೆಗಾದರೂ ಆಗುತ್ತಿತ್ತು, ಎದ್ದು ಓಡಬಹುದಿತ್ತು. ಹಾಕಿಲ್ಲ ಎಂದು ಗೊತ್ತಿದ್ದರೆ ಮುದ್ದೆ ಕಟ್ಟಿ ಉಣ್ಣಬಹುದಿತ್ತು. ಈಗ ಎರಡಕ್ಕೂ ಇಲ್ಲದೆ, ಕೋಲು ಹಿಡಿದುಕೊಂಡು, ಹೊಗೆಗೆ ಕಣ್ಣು ಕಿರಿದು ಮಾಡಿಕೊಂಡು, ಮೊನ್ನೆಯ ಬೆಳಗನ್ನು ಮತ್ತೆ ಮೊದಲಿನಿಂದ ನೋಡತೊಡಗಿದ. ಹಲಗೆ ಇತ್ತು. ಹಲಗೆಯ ತೂತುಗಳಲ್ಲಿ ಹಿತ್ತಾಳೆಯ ಖಾಲಿ ಕೊಳವೆಗಳು ಬಾಯಿ ಕೆಳಗೆ ಮಾಡಿ ಕೂತಿದ್ದವು. ಒಂದನ್ನು ಎತ್ತಿ, ಒಂದು ಸೌಟು ಮದ್ದು ಹಾಕಿ, ಬಾಯಿ ಮೇಲೆ ಮಾಡಿ ಮತ್ತೆ ಅದೇ ತೂತಿನಲ್ಲಿ ಇಡುವುದು. ಬಾಯಿ ಕೆಳಗಿದ್ದರೆ ಹಸಿದದ್ದು, ಬಾಯಿ ಮೇಲಿದ್ದರೆ ಉಂಡದ್ದು. ಇಷ್ಟು ಸರಳವಾದ ಲೆಕ್ಕದಲ್ಲಿ ತಪ್ಪು ಎಲ್ಲಿಂದ ಬರಬೇಕು? ಆದರೆ ನಾದಿನಿ ಮುದ್ದಮ್ಮ ಬಂದು ಬಾಗಿಲಲ್ಲಿ ನಿಂತಾಗ ಅವನ ಕೈಯಲ್ಲಿ ಒಂದು ಕೊಳವೆ ಇತ್ತು. ಆಮೇಲೆ ಅದೇ ಕೊಳವೆ ಅವನ ಕೈಯಲ್ಲೇ ಇತ್ತು. ನಡುವೆ ಏನಾಯಿತು ಎಂಬುದು ಅವನಿಗೆ ನೆನಪಿರಲಿಲ್ಲ.

ಕರಿ ಮದ್ದಾಗಿದ್ದರೆ ಈ ಹೆದರಿಕೆಯಿರಲಿಲ್ಲ. ಅದು ಕೊಳವೆ ತುಂಬ ಹಿಡಿಯುತ್ತದೆ. ಎರಡನೆಯ ಸಲ ಹಾಕಹೋದರೆ ಹೊರಕ್ಕೆ ಚೆಲ್ಲಿ ತಾನೇ ಹೇಳುತ್ತದೆ. ಇದು ಹಿಂದೆ ಬಿಳಿ ದೊರೆ ಬಳಸುತ್ತಿದ್ದ ಹೊಗೆ ಕಾರದ ಮದ್ದು. ಬಡವರ ಮನೆಯ ಗುಡಾಣದಲ್ಲಿ ರಾಗಿ ಕೂತ ಹಾಗೆ ತಳದಲ್ಲಿ ಒಂದಿಷ್ಟು ಕೂರುತ್ತದೆ. ಇನ್ನೊಂದು ಸೌಟು ಹಾಕಿದರೆ ಅದನ್ನೂ ನುಂಗಿ ಸುಮ್ಮನಿರುತ್ತದೆ. ಮೇಲೆ ಸೀಸದ ಗುಂಡು ಕೂರಿಸಿ ಕಂಠ ಅಮುಕಿದರೆ ಮುಗಿಯಿತು, ಎಲ್ಲ ಒಂದೇ ಅಮ್ಮನ ಮಕ್ಕಳ ಹಾಗೆ ಕಾಣುತ್ತವೆ. ಕೋವಿಯ ಕುದುರೆ ಎಳೆದ ಮೇಲೆಯೇ ಯಾವುದು ಯಾವುದು ಎಂದು ತಿಳಿಯುವುದು. ಅಷ್ಟು ಹೊತ್ತಿಗೆ ತೋಟೆ ಕೂರುವ ಕೊಠಡಿ ಸೀಳಿ, ಹಿಡಿದವನ ಬೆರಳು ಹೋಗಿರುತ್ತದೆ, ಇಲ್ಲವೇ ಕಣ್ಣು. ಅರಕಲಗೂಡಿನ ಪಂಚಾಕ್ಷರಯ್ಯ ಸಾವ್ಕಾರರ ಮನೆಯಲ್ಲಿ ಒಂದೇ ತೋಟೆ ಎರಡಕ್ಕೂ ನಡೆಯುತ್ತಿತ್ತು: ಸೊಂಟಕ್ಕೆ ಸಿಗಿಸುವ ಪಿಸ್ತೂಲಿಗೂ, ಹೆಗಲಿಗೆ ಕೊಟ್ಟು ಹೊಡೆಯುವ ಗಿಡ್ಡ ಕೋವಿಗೂ. ಗಿಡ್ಡ ಕೋವಿಯನ್ನು ಈಗ ಹಿಡಿಯುವವನು ಸಾವ್ಕಾರರ ಮಗ ಬಸವರಾಜು. ಅವನು ಗುರಿ ಹಿಡಿಯುವಾಗ ಕೆನ್ನೆಯನ್ನು ಹಿಡಿಗೆ ಒತ್ತಿಕೊಳ್ಳುತ್ತಾನೆ. ಆ ಕೆನ್ನೆ ದೇವಯ್ಯನ ಕಣ್ಣಿಗೆ ಕಟ್ಟಿತು. ಇನ್ನೂ ಸರಿಯಾಗಿ ಗಡ್ಡ ಬಲಿಯದ, ಎಣ್ಣೆ ಸವರಿದ ಹಾಗಿರುವ ಕೆನ್ನೆ.

ಎರಡು ಆಯುಧವನ್ನೂ ಸಾವ್ಕಾರರ ತಂದೆಗೆ ಮಾರಿ ಹೋದವನು ಸಕಲೇಶಪುರದ ಕಡೆ ಕಾಫಿ ಎಸ್ಟೇಟು ಮಾಡಿದ್ದ ಬಿಳಿ ದೊರೆ. ದೇವಯ್ಯ ಪ್ರಾಯದಲ್ಲಿ ಅವನ ಬಂಗಲೆಯಲ್ಲಿ ಕೋವಿ ಒರೆಸುವ ಆಳಾಗಿದ್ದ. ಹೊಡೆದು ಬಿಸುಟ ಹಿತ್ತಾಳೆಯನ್ನು ಆರಿಸಿ ತಂದು, ತಳದಲ್ಲಿ ಕಿಡಿ ಹಾರಿಸುವ ಹಳೆಯ ಕೇಪು ಕೆಡವಿ, ಹೊಸದು ಕೂರಿಸಿ, ಸೀಸ ಕರಗಿಸಿ ಅಚ್ಚಿಗೆ ಹೊಯ್ದು, ಮದ್ದು ಹಾಕಿ, ಇಕ್ಕಳದಂಥ ಹತಾರದಲ್ಲಿ ಒತ್ತಿ ಹೊಸ ತೋಟೆ ಮಾಡುವುದನ್ನು ದೊರೆಯೇ ಕಲಿಸಿದ. ಬಾಯಿ ಮುಚ್ಚುವ ಮುಂಚೆ ಪ್ರತಿಯೊಂದರ ಒಳಗೂ ನೋಡಬೇಕು ಎಂಬುದು ದೊರೆಯ ಕಟ್ಟಳೆ. "ಕಣ್ ಹಾಕು, ಡೇವಯ್ಯ, ಕಣ್ ಹಾಕು" ಅನ್ನುತ್ತಿದ್ದ. ದೇಶ ಬಿಡುವಾಗ ಹತಾರಗಳ ಪೆಟ್ಟಿಗೆಯನ್ನು ಇವನ ಕೈಗೆ ಕೊಟ್ಟು, ಆಯುಧಗಳನ್ನು ದೊಡ್ಡ ಸಾವ್ಕಾರರ ಕೈಗೆ ಕೊಟ್ಟು, ಇವನನ್ನು ಬಿಡಬೇಡಿ ಎಂದು ಹೇಳಿ ಹೋದ. ಅಂದಿನಿಂದ ಲೈಸೆನ್ಸು ಸಾವ್ಕಾರರದು, ಕೈ ದೇವಯ್ಯನದು. ಮಲ್ಲಿಪಟ್ಟಣದ ಕೇರಿಯಲ್ಲಿ ಬೇರೆಯವರು ಗದ್ದೆಗೆ ಹೋಗುವಾಗ ಇವನು ಬಿಸಿಲು ಬೀಳುವ ಬಾಗಿಲಲ್ಲಿ ಹಲಗೆ ಹಾಸಿಕೊಂಡು ಕೂರುತ್ತಿದ್ದ. ಮುಟ್ಟಿದರೆ ಹೊಲೆ ಅನ್ನುವವರ ಮನೆಯ ಹುಡುಗ ತಾನು ಮುಟ್ಟಿ ತುಂಬಿದ್ದನ್ನು ಕೆನ್ನೆಯ ಪಕ್ಕದಲ್ಲಿಟ್ಟುಕೊಂಡು ಹೊಡೆಯುತ್ತಾನೆ ಎಂಬುದು ದೇವಯ್ಯ ಯಾರಿಗೂ ಹೇಳದ, ತಾನೂ ಪೂರ್ತಿಯಾಗಿ ಆಡಿಕೊಳ್ಳದ ಒಂದು ಮಾತು. ಕೂಲಿಗಿಂತ, ಕೊಡುತ್ತಿದ್ದ ರಾಗಿಗಿಂತ ಅವನು ಬದುಕಿದ್ದದ್ದು ಅದರ ಮೇಲೆ.

ಮೊನ್ನೆ ಅವನು ಕಣ್ಣು ಹಾಕಿರಲಿಲ್ಲ. ಅದೊಂದು ಮಾತ್ರ ಖಚಿತವಾಗಿತ್ತು.

ಮೊನ್ನೆ ಮುದ್ದಮ್ಮ ಬಂದಾಗ ಅವಳ ಕೈಯಲ್ಲಿ ಬಸ್ಸಾರಿನ ಚೆಂಬಿತ್ತು. ಅವಳು ದೇವಯ್ಯನ ಸತ್ತ ಹೆಂಡತಿ ಬೆಟ್ಟಮ್ಮನ ತಂಗಿ. ಎದುರು ಮನೆ. ಗಂಡ ಹೋಗಿ ಬಹಳ ಕಾಲವಾಗಿತ್ತು. ಅಕ್ಕ ಹೋದ ಮೇಲೆ ಸಾರು ತಂದು ಇಡುವುದು ಅವಳ ರೂಢಿ.

"ಇನ್ನೂ ಮುಗೀನಿಲ್ವಾ ಬಾವ, ನಿನ್ ಇತ್ತಾಳೆ ಮಕ್ಕಳಿಗೆ ಉಣ್ಸೋದು?" ಅಂದಿದ್ದಳು. "ಒಂದಾದ್ರೂ ನಿನ್ನ ಅಪ್ಪಾ ಅಂತೈತಾ?"

"ಅಂತವೆ, ದೂರ ಓಗಿ ಅಂತವೆ. ಇಲ್ಲಿಗೆ ಕೇಳಕ್ಕಿಲ್ಲ," ಎಂದು ಇವನು ತಲೆಯೆತ್ತದೆ ಹೇಳಿದ್ದ.

ಅವಳು ನಕ್ಕಳು. ಚೆಂಬನ್ನು ಗೂಡಿನಲ್ಲಿಟ್ಟಳು. ಹೋಗಲಿಲ್ಲ. ಸೆರಗಿನ ತುದಿಯಿಂದ ಹೊಸ್ತಿಲನ್ನು ಒರೆಸಿದ ಹಾಗೆ ಮಾಡಿದಳು, ಅಲ್ಲಿ ಒರೆಸುವಂಥದ್ದೇನೂ ಇರಲಿಲ್ಲ. ಆಮೇಲೆ, "ನರಸೀಪುರದಾಗೆ ಮಗ್ಳು ಬಾ ಅಂತಾವ್ಳೆ ಕಣ ಬಾವ. ನಾಡಿದ್ದು ಓಯ್ತೀನಿ. ಮನೆ ಬೀಗ ಆಕ್ಬುಟ್ಟು ಓಯ್ತೀನಿ," ಅಂದಳು. ಇವನು, "ಓಗು ಮತ್ತೆ. ಮಗ್ಳ ಮನೇಲಿ ಚೆಂದಾಗಿರ್ತೀಯ," ಅಂದ. ಅಷ್ಟೇ. ಅವಳು ಇನ್ನೂ ಸ್ವಲ್ಪ ಹೊತ್ತು ನಿಂತಿದ್ದು, "ಸಾರು ಆರೋಯ್ತದೆ," ಎಂದು ಹೋದಳು. ಇವನು ಆಮೇಲೆ ಎಲ್ಲಕ್ಕೂ ಗುಂಡು ಕೂರಿಸಿ ಒತ್ತಿದ್ದ, ಎಂದಿಗಿಂತ ಬೇಗ ಬೇಗ, ಯಾರೋ ಅಟ್ಟಿಸಿಕೊಂಡು ಬಂದ ಹಾಗೆ. ಬಟ್ಟೆಯಲ್ಲಿ ಗಂಟು ಕಟ್ಟಿ ಇಟ್ಟದ್ದನ್ನು ನಿನ್ನೆ ಸಾವ್ಕಾರರ ಆಳು ಬೋರಪ್ಪ ಗಾಡಿಯಲ್ಲಿ ಬಂದು ತೆಗೆದುಕೊಂಡು ಹೋಗಿದ್ದ. ಹೊಳೆ ಕಡೆಯ ಕಬ್ಬಿಗೆ ಹಂದಿ ಬೀಳುತ್ತಿದೆ, ಚಿಕ್ಕ ಬುದ್ದಿಯವರು ಕೋವಿ ತೊಳೆಸಿಟ್ಟಿದ್ದಾರೆ ಎಂದು ಅವನೇ ಹೇಳಿದ್ದ.

ಹಿಟ್ಟು ಪೂರ್ತಿ ಹೊತ್ತಿ ಹೋಗಿತ್ತು. ದೇವಯ್ಯ ಮಡಕೆಯನ್ನು ಹಾಗೇ ಇಳಿಸಿ, ತಲೆಗೆ ವಸ್ತ್ರ ಸುತ್ತಿಕೊಂಡು ಹೊರಟ. ಹೋಗಿ ಏನು ಹೇಳುವುದು? ತಪ್ಪಿದ್ದೇನೆ ಅಂದರೆ, ಅಲ್ಲಿಗೆ ಮುಗಿಯಿತು. ಒಂದು ಸಲ ಕೈ ತಪ್ಪಿದವನಿಂದ ಯಾರೂ ಮತ್ತೆ ತೋಟೆ ತುಂಬಿಸುವುದಿಲ್ಲ. ತಾನೇ ಸಾವ್ಕಾರನಾಗಿದ್ದರೂ ತುಂಬಿಸುತ್ತಿರಲಿಲ್ಲ. ಹೇಳದೆ ಇದ್ದರೆ ಬಹುಶಃ ಏನೂ ಆಗುವುದಿಲ್ಲ. ಆ ಬಹುಶಃ ಅನ್ನುವುದರ ಒಳಗೆ ಬಸವರಾಜುವಿನ ಕೆನ್ನೆಯಿತ್ತು.

ರಸ್ತೆಯ ಹುಣಸೆ ಮರದ ಕೆಳಗೆ ಮುದ್ದಮ್ಮ ಒಂದು ಗಂಟು, ಒಂದು ಕೋಳಿ ಬುಟ್ಟಿ ಇಟ್ಟುಕೊಂಡು ಬಸ್ಸಿಗೆ ಕಾಯುತ್ತಿದ್ದಳು. ನಾಡಿದ್ದು ಅಂದರೆ ಇವತ್ತು ಎಂಬುದು ಅವನಿಗೆ ಅವಳನ್ನು ಕಂಡ ಮೇಲೆಯೇ ಹೊಳೆಯಿತು. ಅವಳ ಮುಖ ಅರಳಿದ್ದನ್ನು ನೋಡಿ ಅವನ ಹೆಜ್ಜೆ ತಡೆಯಿತು.

"ಬರಾಕಿಲ್ಲ ಅಂದ್ಕೊಂಡಿದ್ದೆ ಕಣ ಬಾವ," ಅಂದಳು. "ಬೆಳಗ್ನಿಂದ ನಿನ್ ಬಾಗ್ಲು ಮುಚ್ಚೇ ಇತ್ತು."

"ಅರಕಲಗೂಡ್ಗಂಟ ಬತ್ತೀನಿ," ಅಂದ ದೇವಯ್ಯ. ಅದು ಸುಳ್ಳಲ್ಲ. ಆದರೂ ಸುಳ್ಳು ಹೇಳಿದವನ ಹಾಗೆ ಅವನ ಕಿವಿ ಬಿಸಿಯಾಯಿತು. ಅವಳ ಗಂಟನ್ನು ಎತ್ತಿಕೊಂಡ. ಬಸ್ಸು ಬಂತು. ಕಂಡಕ್ಟರು ಇಬ್ಬರನ್ನೂ ಮೇಲಿಂದ ಕೆಳಗೆ ನೋಡಿ, "ಇಂದಕ್ಕೆ ಓಗ್ರಿ, ಇಂದಕ್ಕೆ. ಏನಜ್ಜ, ಕೋಳಿ ಸಮೇತ ಎತ್ತಾಕ್ಕೊಂಡು ಓಯ್ತಿದ್ದೀಯೋ, ಕೇಳಿ ಕರ್ಕೊಂಡು ಓಯ್ತಿದ್ದೀಯೋ?" ಅಂದ. ಮುಂದೆ ಕೂತಿದ್ದವರು ನಕ್ಕರು. ಮುದ್ದಮ್ಮ, "ಕೋಳೀನ ಕೇಳಪ್ಪ, ಅದು ಯೋಳ್ತದೆ," ಎಂದು ಹಿಂದಿನ ಸೀಟಿಗೆ ಹೋಗಿ ಕೂತಳು. ಅವಳೂ ನಗುತ್ತಿದ್ದಳು. ನಗದೆ ಇದ್ದವನು ದೇವಯ್ಯನೊಬ್ಬನೇ. ಬಸ್ಸು ಕುಲುಕಿದಾಗಲೆಲ್ಲ ಅವಳ ತೋಳು ಇವನ ತೋಳಿಗೆ ತಾಕುತ್ತಿತ್ತು, ಇವನು ಸರಿದು ಕೂರುತ್ತಿದ್ದ, ಮತ್ತೆ ತಾಕುತ್ತಿತ್ತು. ಅವಳು ಏನೇನೋ ಹೇಳುತ್ತಿದ್ದಳು: ಹಿತ್ತಲ ಸೋರೆಬಳ್ಳಿಗೆ ನೀರು ಹಾಕು, ಕಾಯಿ ಕಿತ್ತು ನೀನೇ ತಿನ್ನು, ಉಪ್ಪಿನ ಮಡಕೆ ನಿನ್ನ ಗೂಡಿನಲ್ಲಿಟ್ಟಿದ್ದೇನೆ. ಅವನು ಹೂಂ ಅನ್ನುತ್ತಿದ್ದ. ಮನಸ್ಸಿನಲ್ಲಿ ಅವನು ಮೊನ್ನೆಯ ಸೌಟನ್ನು ನೋಡುತ್ತಿದ್ದ. ಅವಳು ಹೋದ ಮೇಲೆ ಸೌಟು ಎಲ್ಲಿತ್ತು? ಡಬ್ಬಿಯ ಒಳಗೆ? ಅಥವಾ ತನ್ನ ಕೈಯಲ್ಲಿ? ಕೈಯಲ್ಲಿದ್ದರೆ ತುಂಬಿದ ಸೌಟೋ ಬರಿದಾದ ಸೌಟೋ? ದೊರೆ ಹಿತ್ತಾಳೆಯ ಕೊಳವೆಯನ್ನೇ ಕತ್ತರಿಸಿ ಹಿಡಿ ಬೆಸೆದು ಮಾಡಿದ ಸೌಟು ಅದು. ಹಿಡಿದು ಹಿಡಿದು ಹೆಬ್ಬೆರಳಿನ ಗುರುತು ಬಿದ್ದಿತ್ತು. ಹೆಬ್ಬೆರಳಿಗೆ ನೆನಪಿರುತ್ತದೆಯೇ ಎಂದು ಅದನ್ನು ಉಜ್ಜಿ ನೋಡಿಕೊಂಡ. "ಏನಾಯ್ತು ಬಾವ, ಮುಳ್ ಚುಚ್ಚೈತಾ?" ಅಂದಳು ಮುದ್ದಮ್ಮ. ಅವಳು ಅವನ ಕೈಯನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದಳು, ಮುಳ್ಳೇನೂ ಇಲ್ಲದ್ದು ಕಂಡು ಬಿಟ್ಟಳು. ಹೋಗಬೇಡ ಅನ್ನುವ ಒಂದು ಮಾತು ಅವನ ನಾಲಗೆಯ ಹತ್ತಿರಕ್ಕೆ ಬಂದಿತ್ತು. ಅದನ್ನು ಆಡಿದ್ದರೆ ಬಸ್ಸಿನಿಂದ ಇಳಿದು ಇಬ್ಬರೂ ಹಿಂದಕ್ಕೆ ನಡೆಯಬೇಕಾಗುತ್ತಿತ್ತು. ಆದರೆ ತೋಟೆಗಳು ಅರಕಲಗೂಡಿನಲ್ಲಿದ್ದವು, ಮತ್ತು ಅವು ಇರುವ ತನಕ ಅವನಿಗೆ ಬೇರೆ ಯಾವ ಮಾತನ್ನೂ ಆಡುವ ಹಕ್ಕಿಲ್ಲ ಅನ್ನಿಸಿತು.

ಅರಕಲಗೂಡಿನಲ್ಲಿ ನರಸೀಪುರದ ಬಸ್ಸು ನಿಂತೇ ಇತ್ತು. ಅವಳನ್ನು ಹತ್ತಿಸಿ, ಗಂಟನ್ನು ಕಿಟಕಿಯಿಂದ ಕೊಟ್ಟ. "ಬಸ್ ಓಗೋಗಂಟ ಇರ್ತೀಯಾ?" ಅಂದಳು. "ಸಾವ್ಕಾರ್ರ ಮನೇಲಿ ಒಸಿ ಕೆಲ್ಸ ಐತೆ," ಅಂದುಬಿಟ್ಟ. ಅವಳು ಅವನನ್ನು ನೋಡಿದಳು. ಅವಳಿಗೆ ಎಲ್ಲ ತಿಳಿಯಿತು, ಅಥವಾ ತಪ್ಪಾಗಿ ತಿಳಿಯಿತು; ಎರಡೂ ಒಂದೇ. "ಅಂಗಾರೆ ನೀನು ಬಂದದ್ದು ನಿನ್ ಕೆಲ್ಸುಕ್ಕೆ," ಎಂದು ಮೆಲ್ಲಗೆ ಅಂದು, ಕೋಳಿ ಬುಟ್ಟಿಯ ಮೇಲೆ ಸೆರಗು ಮುಚ್ಚಿದಳು.

ಪೇಟೆ ಬೀದಿಯಲ್ಲಿ ಸಾವ್ಕಾರರ ಅಂಗಡಿ, ಅದರ ಹಿಂದೆ ಮನೆ. ದೇವಯ್ಯ ಎಂದಿನಂತೆ ಓಣಿಯಿಂದ ಸುತ್ತಿ ಹಿತ್ತಲ ಗೇಟಿಗೆ ಬಂದು, "ಅವ್ವಾರೇ" ಎಂದು ಕೂಗಿದ. ಒಳಗಿನಿಂದ ದಾಕ್ಷಾಯಣಮ್ಮ ಬಂದರು, ಪಂಚಾಕ್ಷರಯ್ಯನವರ ಹೆಂಡತಿ. ಆಗ ತಾನೇ ಲಿಂಗಪೂಜೆ ಮುಗಿಸಿ ಹಣೆಯ ವಿಭೂತಿ ಹಸಿಯಾಗಿಯೇ ಇತ್ತು. ಕೈಯಲ್ಲಿ ಮೊರ ಹಿಡಿದು ಅವರೆಕಾಳು ಕೇರುತ್ತಿದ್ದರು.

"ಏನೋ ದೇವಯ್ಯ, ಹೊತ್ತಲ್ಲದ ಹೊತ್ತಿನಲ್ಲಿ?"

"ಚಿಕ್ ಬುದ್ದೇರು ಅವ್ರಾ ಅವ್ವಾರೆ?"

"ಅವ್ನೆಲ್ಲಿ ಇರ್ತಾನೆ? ಕೋವಿ ತಗೊಂಡು ಹೊಳೆ ಕಡೆಗೆ ಹೋದ. ಕಬ್ಬು ಅರ್ಧ ತಿಂದ್‌ಹಾಕವಂತೆ ಹಂದಿ."

ದೇವಯ್ಯ ಗೇಟಿನ ಗಳುವನ್ನು ಹಿಡಿದುಕೊಂಡ. ಹಿಡಿದ ಮೇಲೆ, ಹಿಡಿಯಬಾರದಾಗಿತ್ತು ಎಂದು ನೆನಪಾಗಿ ಬಿಟ್ಟ. "ಅವ್ವಾರೆ, ಯಾರ್ನಾರ ಓಡ್ಸಿ. ನಿನ್ನೆ ಬೋರಪ್ಪ ತಂದ ತೋಟೆ ಆಕ್‌ಬ್ಯಾಡಿ ಅಂತ ಯೋಳಿ. ಒಂದ್ರಾಗೆ... ಒಂದ್ರಾಗೆ ಮದ್ದು ಜಾಸ್ತಿ ಆಗಿರಬೋದು. ನನ್ ಕಣ್ ತಪ್ಪಿ. ನಾನೇ ಓಡ್ಲಾ? ಯಾವ ಕಡೆ ಓದ್ರು ಯೋಳಿ, ನಾನೇ ಓಡ್ತೀನಿ."

ದಾಕ್ಷಾಯಣಮ್ಮ ಮೊರವನ್ನು ನಿಲ್ಲಿಸಿದರು. ಅವರ ಮುಖದಲ್ಲಿ ಗಾಬರಿ ಬರುವುದನ್ನೇ ಅವನು ಕಾದ. ಗಾಬರಿ ಬರಲಿಲ್ಲ. ಬಂದದ್ದು ಒಂದು ಬಗೆಯ ಸಂಕೋಚ, ಬೇಡದವರ ಎದುರಿಗೆ ಮನೆಯ ಮಾತು ಆಡಬೇಕಾಗಿ ಬಂದಾಗ ಹೆಂಗಸರಿಗೆ ಬರುವಂಥದ್ದು.

"ಕೂತ್ಕೊ," ಅಂದರು. "ಓಡ್ಬೇಡ. ಅವ್ನು ಹಾಕಿಲ್ಲ ಅದನ್ನ."

"ಆಕೊಂಡೋಗಿದ್ರೆ?"

"ಅಯ್ಯೋ, ನಿನ್ನ ತೋಟೆ ಅವ್ನು ಯಾವತ್ತು ಹಾಕಿದಾನೋ?" ಅಂದದ್ದೇ ತುಟಿ ಕಚ್ಚಿಕೊಂಡರು. ಅಂದ ಮೇಲೆ ಅಂದಂತಾಯಿತಲ್ಲ ಎಂದು ದನಿ ತಗ್ಗಿಸಿ ಹೇಳಿದರು: ಬಸವರಾಜು ಮೈಸೂರಿನ ಅಂಗಡಿಯ ಪೆಟ್ಟಿಗೆ ತೋಟೆಯನ್ನೇ ತರಿಸುವುದು, ಮೊದಲಿನಿಂದಲೂ. ಮಾವನವರು ದೊರೆಗೆ ಮಾತು ಕೊಟ್ಟಿದ್ದರು, ಇವನ ಕೆಲಸ ತಪ್ಪಿಸುವುದಿಲ್ಲ ಎಂದು. ಮಾವನವರು ಲಿಂಗೈಕ್ಯರಾದರೂ ಮಾತು ಹಾಗೇ ಇದೆ. ಹೊಡೆದ ಖಾಲಿ ಕೊಳವೆಗಳನ್ನು ಇವನಿಗೆ ಕಳಿಸುವುದು, ಇವನು ತುಂಬಿ ಕೊಟ್ಟದ್ದನ್ನು ತಂದು ದನದ ಕೊಟ್ಟಿಗೆಯ ಹಳೇ ಕಲ್ಲುಬಾನಿಯ ನೀರಿಗೆ ಹಾಕುವುದು. "ಮನೆ ಒಳಗೆ ಹೆಂಗೆ ಇಟ್ಕೊಳೋದು ಹೇಳು? ಅದಕ್ಕೆ ಏನೇನೋ ಕೊಬ್ಬು ಸವರ್ತಾರಂತೆ. ನಮ್ಮತ್ತೆ ಇದ್ದಾಗ್ಲೇ ಆದ ಪದ್ಧತಿ ಅದು. ನೀನು ಮುಟ್ಟಿದ್ದಂತ ಅಲ್ಲ ಕಣೋ," ಅಂದರು. ಆ ಕಡೆಯ ಮಾತನ್ನು ಅವರು ಹೇಳದೆ ಇದ್ದಿದ್ದರೆ ಅವನಿಗೆ ಅದು ತಟ್ಟುತ್ತಿರಲಿಲ್ಲವೇನೋ.

ಕೊಬ್ಬು. ದೊರೆ ಗುಂಡಿಗೆ ಕೊಬ್ಬು ಸವರುತ್ತಿದ್ದದ್ದು ನಿಜ. ಸಾವ್ಕಾರರ ಮನೆಗೆ ತುಂಬಲು ಹಿಡಿದ ಮೊದಲ ದಿನವೇ ದೇವಯ್ಯ ಅದನ್ನು ಬಿಟ್ಟಿದ್ದ. ಬೆಟ್ಟದ ಕಡೆಯವರಿಂದ ಜೇನುಮೇಣ ತಂದು, ಹರಳೆಣ್ಣೆಯಲ್ಲಿ ಕಾಸಿ, ಹದ ಬರುವ ತನಕ ಎಷ್ಟೋ ಸಲ ಚೆಲ್ಲಿ, ಅದನ್ನೇ ಸವರಿ, ಅದರಿಂದಲೇ ಕಂಠ ಮೆತ್ತಿ ಮುಚ್ಚುತ್ತಿದ್ದ. ಲಿಂಗವಂತರ ಮನೆ, ಪೂಜೆಯ ಮನೆ ಎಂದು. ಅದನ್ನು ಯಾರಿಗೂ ಹೇಳಿರಲಿಲ್ಲ. ಹೇಳಿಕೊಳ್ಳುವಂಥದ್ದು ಅನ್ನಿಸಿರಲಿಲ್ಲ. ಈಗ ಹೇಳಬಹುದಾಗಿತ್ತು. ಬಾಯಿ ತೆರೆದ. "ಅಂಗಾ ಅವ್ವಾರೆ," ಅಂದ.

ಗೊತ್ತಿರಲಿಲ್ಲವೇ ತನಗೆ? ವರುಷ ವರುಷವೂ ಬರುತ್ತಿದ್ದ ಖಾಲಿ ಕೊಳವೆಗಳ ಕಂಠದಲ್ಲಿ ತನ್ನ ಇಕ್ಕಳದ ಗೀರು ಇರುತ್ತಿರಲಿಲ್ಲ. ಎಲ್ಲವೂ ಹೊಸದರ ಹಾಗೆ ಹೊಳೆಯುತ್ತಿದ್ದವು. ಒಂದೇ ಹಿತ್ತಾಳೆ ಎರಡನೆಯ ಸಲ, ಮೂರನೆಯ ಸಲ ತನ್ನ ಕೈಗೆ ಬರಬೇಕಲ್ಲ, ಬಂದರೆ ಗುರುತು ಸಿಗಬೇಕಲ್ಲ? ಹುಣಸೆಹುಳಿ ಹಾಕಿ ತಿಕ್ಕಿರುತ್ತಾರೆ ಎಂದು ಅವನೇ ಅಂದುಕೊಂಡಿದ್ದ. ಹಾಗೆ ಅಂದುಕೊಳ್ಳಲು ಎಷ್ಟು ಜೋಪಾನ ಮಾಡಬೇಕಾಗಿತ್ತು ಎಂಬುದು ಈಗ ಕಾಣುತ್ತಿತ್ತು. ಹತಾರಕ್ಕೆ ಎಣ್ಣೆ ಹಾಕಿಟ್ಟ ಹಾಗೆ ಆ ಸುಳ್ಳಿಗೂ ಎಣ್ಣೆ ಹಾಕಿ ಇಟ್ಟಿದ್ದ.

ಅಷ್ಟರಲ್ಲಿ ಪಂಚಾಕ್ಷರಯ್ಯನವರು ಹಿತ್ತಲಿಗೆ ಬಂದರು. ದಪ್ಪ ಆಸಾಮಿ, ಅಂಗಡಿಯ ಬೆಲ್ಲದ ವಾಸನೆಯವರು, ಯಾರ ಮನಸ್ಸನ್ನೂ ನೋಯಿಸಿ ಗೊತ್ತಿಲ್ಲದವರು. ದಾಕ್ಷಾಯಣಮ್ಮ ಒಳಗೆ ಸರಿಯುವ ಮುಂಚೆ ದೇವಯ್ಯನ ಕಡೆ ಒಮ್ಮೆ ನೋಡಿದರು. ನಾನು ಹೇಳಿದೆ ಅನ್ನಬೇಡ ಎಂಬ ನೋಟ ಅದು.

"ಏನೋ ದೇವಯ್ಯ! ಬಾ ಬಾ. ಚೆನ್ನಾಗಿದ್ದೀಯೇನೋ?"

"ಅವ್ನಿ ಬುದ್ದಿ." ನಿಂತುಕೊಂಡ. ಏನೂ ಆಗದವನ ಹಾಗೆ ಬಸ್ಸಿಗೆ ಹೋಗಿಬಿಡಬಹುದಾಗಿತ್ತು. ಆದರೆ ಬಂದ ಕೆಲಸ ಇನ್ನೂ ಹೆಗಲ ಮೇಲೆ ಕೂತಿತ್ತು, ಅದನ್ನು ಇಳಿಸದೆ ತಿರುಗಲು ಕಾಲು ಬರಲಿಲ್ಲ. "ನಿನ್ನೆ ಬೋರಪ್ಪ ತಂದ್ನಲ್ಲ ಬುದ್ದಿ, ಆ ತೋಟೆ. ಒಂದು ಅನುಮಾನ ಐತೆ. ವಾಪಸ್ ಕೊಟ್ರೆ ಇನ್ನೊಂದ್ ದಪ ನೋಡ್ಕೊಟ್ಟೇನು."

ಸಾವ್ಕಾರರ ಕಣ್ಣು ಕೊಟ್ಟಿಗೆಯ ಕಡೆ ಹೋಗಿ ಬಂತು.

"ಅನುಮಾನ ಏನೋ? ಎಲ್ಲ ಹೊಡೆದಾಯ್ತಲ್ಲೋ! ನಿನ್ನೆ ಸಂಜೆನೇ ಹೊಡ್ದ ಬಸವರಾಜು. ಏನ್ ಸದ್ದು ಅಂತೀಯ, ಗಂಟೆ ಬಾರಿಸ್ದಂಗೆ. ಹಂದಿ ಅಲ್ಲೇ ಕೂತ್ಬಿಡ್ತು. ನಿನ್ ಕೈ ಕೈ ಕಣೋ. ಅಂಗಡಿ ತೋಟೆ ಇದರ ಮುಂದೆ ಏನು?"

ದೇವಯ್ಯ ಕೈ ಮುಗಿದ. "ಸಂತೋಸ ಬುದ್ದಿ," ಅಂದ. ಸಾವ್ಕಾರರು ಗೆಲುವಾದರು. ಒಬ್ಬ ಮುದುಕನನ್ನು ಸಂತೋಷಪಡಿಸಿದೆ ಎಂಬುದು ಅವರ ಮುಖದ ತುಂಬ ಹರಡಿತು. ಅವರು ಕರುಣೆಯಿಂದಲೇ ಹೇಳಿದ್ದರು, ಅದರಲ್ಲಿ ಅನುಮಾನವಿರಲಿಲ್ಲ. ಅದಕ್ಕೇ ದೇವಯ್ಯನಿಗೆ ಅವರ ಮುಖ ನೋಡಲಾಗಲಿಲ್ಲ. ತನ್ನ ಮಾತಿಗೆ ತಾನೇ ಹಿಗ್ಗಿ ಸಾವ್ಕಾರರು, "ಇರು, ಮಜ್ಜಿಗೆ ಕುಡ್ಕೊಂಡು ಹೋಗು. ಹೊಸ ಖಾಲಿ ಕೊಳವೆ ಬೋರಪ್ಪನ ಕೈಲಿ ಕಳಿಸ್ತೀನಿ," ಎಂದು ಅಂಗಡಿಗೆ ಹೋದರು.

ದಾಕ್ಷಾಯಣಮ್ಮ ಮಜ್ಜಿಗೆ ಚೆಂಬು ತಂದು, ಎತ್ತರದಿಂದ ಅವನ ಬೊಗಸೆಗೆ ಹೊಯ್ದರು. ಅವನು ಕುಡಿದ. ಬಾಯಾರಿಕೆಯಿತ್ತು, ಮಜ್ಜಿಗೆಗೆ ಇಂಗು ಬಿದ್ದಿತ್ತು, ಚೆನ್ನಾಗಿತ್ತು. ಚೆನ್ನಾಗಿತ್ತು ಎಂಬುದೂ ಒಂದು ಅವಮಾನದ ಹಾಗೆ ಗಂಟಲಲ್ಲಿ ಇಳಿಯಿತು.

"ಅವ್ವಾರೆ, ನಿನ್ನೆದು ಬಾನೀಲಿ ಐತಲ್ಲ, ಅದ್ನ ಕೊಟ್ಬುಡಿ," ಅಂದ.

"ನೀರಲ್ಲಿ ನೆಂದಿರೋದು ಯಾಕೋ ನಿಂಗೆ?"

"ಇರ್ಲಿ, ಕೊಡಿ. ಇಟ್ಕಂಡು ನೋಡ್ಬೇಕು."

ಅವರು ಕೊಟ್ಟಿಗೆಯ ಕಡೆ ಕೈ ತೋರಿ, ತೊಳೆದ ಕೈಯನ್ನು ಸೆರಗಿಗೆ ಒರೆಸಿಕೊಂಡು ಒಳಗೆ ಹೋದರು. ಬಾನಿ ದೊಡ್ಡದಿತ್ತು. ಪಾಚಿಗಟ್ಟಿದ ನೀರಿನಲ್ಲಿ ದೇವಯ್ಯ ಕೈಯನ್ನು ಮೊಳಕೈ ತನಕ ಇಳಿಸಿ ತಡಕಿದ. ಬೋರಪ್ಪನ ಕೈಗೆ ಕೊಟ್ಟ ಬಟ್ಟೆಯ ಗಂಟು ಹಾಗೆಯೇ ಇತ್ತು, ತನ್ನ ಗಂಟೇ, ಯಾರೂ ಬಿಚ್ಚಿರಲಿಲ್ಲ. ಅದರ ಕೆಳಗೆ ಬೆರಳಿಗೆ ತಾಕಿದ್ದು ಇನ್ನೊಂದು ಗಂಟು, ಬಟ್ಟೆ ಕೊಳೆತು ಎಳೆ ಎಳೆಯಾಗಿತ್ತು. ಅದರ ಕೆಳಗೆ ಬಿಡಿಬಿಡಿ ಹಿತ್ತಾಳೆ, ತಳದ ತನಕ. ಒಂದೊಂದು ಹಿಡಿಯೂ ಒಂದೊಂದು ವರುಷ. ಬೆಟ್ಟಮ್ಮ ಬದುಕಿದ್ದಾಗ ಅವಳು ಉರಿಯುವ ಒಲೆಯಲ್ಲಿ ಸೀಸ ಕಾಸಿ ಕೊಟ್ಟದ್ದು ಅವುಗಳ ಅಡಿಯಲ್ಲೆಲ್ಲೋ ಇರಬೇಕು. ಕೆಳಗಿನಿಂದ ಒಂದನ್ನು ಎತ್ತಿ ನೋಡಿದ. ಹಸಿರು ಕಟ್ಟಿತ್ತು. ಅದನ್ನೂ ಮೇಲಿನ ಗಂಟಿನ ಜೊತೆಗೆ ವಸ್ತ್ರದಲ್ಲಿ ಕಟ್ಟಿಕೊಂಡು ಹೊರಟ.

ಬಸ್‌ಸ್ಟ್ಯಾಂಡಿನಲ್ಲಿ ನರಸೀಪುರದ ಬಸ್ಸು ನಿಂತಿದ್ದ ಜಾಗದಲ್ಲಿ ಎಣ್ಣೆ ತೊಟ್ಟಿಕ್ಕಿದ ಕಲೆಯಿತ್ತು.

ಮಲ್ಲಿಪಟ್ಟಣಕ್ಕೆ ಬಂದಾಗ ಬಿಸಿಲು ಇನ್ನೂ ಬಾಗಿಲಲ್ಲಿತ್ತು. ಕೇರಿಯವರು ಗದ್ದೆಯಿಂದ ಬಂದಿರಲಿಲ್ಲ. ಹೊತ್ತಿದ ಹಿಟ್ಟಿನ ವಾಸನೆ ಮನೆಯೊಳಗೆ ಹಾಗೇ ಕೂತಿತ್ತು. ಹಲಗೆಯ ಬದಲು ಅವನು ಮುತ್ತುಗದ ಎಲೆಗಳನ್ನು ಸಾಲಾಗಿ ಹಾಸಿಕೊಂಡ. ನೀರಲ್ಲಿ ನೆನೆದ ಮೇಲೆ ಒಳಗಿನ ಮದ್ದು ಕಲಸಿದ ಮಣ್ಣಿನ ಹಾಗಾಗಿರುತ್ತದೆ, ಹೆಚ್ಚೋ ಕಮ್ಮಿಯೋ ತಿಳಿಯುವುದಿಲ್ಲ ಎಂದು ದಾರಿಯುದ್ದಕ್ಕೂ ಅಂದುಕೊಂಡೇ ಬಂದಿದ್ದ. ತಿಳಿಯದೆಯೇ ಹೋಗಲಿ ಎಂದೂ ಒಂದು ಮನಸ್ಸು ಅಂದಿತ್ತು. ಮೊದಲು ಬಾನಿಯ ಅಡಿಯಿಂದ ತಂದ ಹಸಿರು ಹಿತ್ತಾಳೆಯನ್ನು ಇಕ್ಕಳಕ್ಕೆ ಸಿಕ್ಕಿಸಿ ಗುಂಡನ್ನು ಅಲುಗಿಸಿ ಅಲುಗಿಸಿ ಕಿತ್ತ. ಕಂಠದ ಮೇಣ ಹಲ್ಲಿನ ಹಾಗೆ ಗಟ್ಟಿಯಾಗಿ ಕಚ್ಚಿಕೊಂಡಿತ್ತು. ಕೊಳವೆಯನ್ನು ಎಲೆಯ ಮೇಲೆ ಬೋರಲು ಹಾಕಿ ತಟ್ಟಿದಾಗ ಮದ್ದು ಸರ್ರನೆ ಸುರಿಯಿತು. ಒಣಗಿತ್ತು. ಒಂದು ಹನಿ ನೀರೂ ಒಳಕ್ಕೆ ಹೋಗಿರಲಿಲ್ಲ. ಒಂದು ಕಾಳನ್ನು ಬೆರಳ ಮೇಲೆ ತೆಗೆದುಕೊಂಡು ಬಹಳ ಹೊತ್ತು ನೋಡಿದ. ಇದನ್ನು ಯಾರಿಗೆ ಹೇಳುವುದು?

ಆಮೇಲೆ ಮೊನ್ನೆಯವು. ಒಂದೊಂದಕ್ಕೆ ಒಂದೊಂದು ಎಲೆ. ಒಂದು ಗುಪ್ಪೆ, ಅದರ ಪಕ್ಕಕ್ಕೆ ಅಷ್ಟೇ ದೊಡ್ಡ ಇನ್ನೊಂದು ಗುಪ್ಪೆ, ಅದರ ಪಕ್ಕಕ್ಕೆ ಇನ್ನೊಂದು. ಕಣ್ಣಳತೆಗೂ ಒಂದು ಕಾಳಿನ ವ್ಯತ್ಯಾಸ ಕಾಣದ ಹಾಗೆ. ಎಲೆಗಳು ಬಾಗಿಲಿನಿಂದ ಜಗಲಿಯ ಕಡೆಗೆ ಬೆಳೆದವು. ಅರ್ಧ ಮುಗಿಯಿತು, ಎಲ್ಲ ಸಮವಾಗಿದ್ದವು. ಕೈ ತಪ್ಪಿರಲಿಲ್ಲ ಎಂದು ಅವನಿಗೆ ನೆಮ್ಮದಿಯಾಗಬೇಕಾಗಿತ್ತು. ಆಗಲಿಲ್ಲ. ಪ್ರತಿಯೊಂದು ಸರಿಯಾದ ಗುಪ್ಪೆ ಬಿದ್ದಾಗಲೂ ಎದೆಯಲ್ಲಿ ಏನೋ ಕುಸಿಯುತ್ತಿತ್ತು. ಮೊನ್ನೆ ಅವಳು ಆ ಬಾಗಿಲಲ್ಲಿ ನಿಂತು ಅಷ್ಟು ಹೇಳಿದಾಗಲೂ ತನ್ನ ಕೈ ಹೀಗೇ, ಏನೂ ಕೇಳಿಸದವನ ಕೈಯ ಹಾಗೆ, ಅಳೆದು ಅಳೆದು ಹಾಕುತ್ತಿತ್ತೇ? ಬಾಯಿ ಆಡಲಿಲ್ಲ, ಸರಿ. ಕೈಯೂ ಏನೂ ಅನ್ನಲಿಲ್ಲವೇ? ಉಳಿದವನ್ನು ಅವನು ಬೇಗ ಬೇಗ ಕಿತ್ತ. ಸರಿ. ಸರಿ. ಇದೂ ಸರಿ.

ಆಮೇಲೆ ಒಂದು ಕೊಳವೆಯನ್ನು ತಟ್ಟಿದಾಗ ಮದ್ದು ಸುರಿಯಿತು, ನಿಲ್ಲದೆ ಇನ್ನೂ ಸುರಿಯಿತು.

ಎಲೆಯ ಮೇಲೆ ಎರಡರಷ್ಟು ಗುಪ್ಪೆ ಕೂತಿತ್ತು. ದೇವಯ್ಯ ಕೊಳವೆಯನ್ನು ಮೆಲ್ಲಗೆ ಕೆಳಗಿಟ್ಟ. ಇದನ್ನು ಆ ಹುಡುಗ ಹಾಕಿಕೊಂಡಿದ್ದರೆ ಅವನ ಕೆನ್ನೆ ಹೋಗುತ್ತಿತ್ತು, ಆ ಮನೆ ಹಾಳಾಗುತ್ತಿತ್ತು, ತನ್ನನ್ನು ಕಟ್ಟಿ ಒಯ್ಯುತ್ತಿದ್ದರು. ಇಷ್ಟೆಲ್ಲ ತಿಳಿದೂ, ಅವನಿಗೆ ತನ್ನ ಬಗ್ಗೆಯೇ ಹೆದರಿಕೆಯಾಗುವ ಹಾಗೆ, ಎದೆಯ ಒಳಗೆ ಹಿಗ್ಗು ಏರುತ್ತಿತ್ತು. ತಡೆಯಲು ನೋಡಿದ, ಆಗಲಿಲ್ಲ. ಮೊನ್ನೆ ಬಾಯಿ ಆಡದ್ದನ್ನು ಕೈ ಆಡಿತ್ತು. ಎದುರು ಮನೆಯ ಬಾಗಿಲಿಗೆ ಬೀಗ ಬಿದ್ದಿತ್ತು. ಅವಳು ಇಷ್ಟು ಹೊತ್ತಿಗೆ ಹೊಳೆ ದಾಟಿ ನರಸೀಪುರದಲ್ಲಿ ಇಳಿದು, ಗಂಟು ಹೊತ್ತು, ಮಗಳ ಮನೆಯ ದಾರಿ ಕೇಳುತ್ತಿರಬಹುದು. ಗಾಳಿ ಎದ್ದಿತು. ಬೇರೆ ಎಲೆಗಳು ಒಂದೊಂದಾಗಿ ಮಗುಚಿ, ಸರಿಯಾಗಿ ಅಳೆದ ಮದ್ದೆಲ್ಲ ಮಣ್ಣಿಗೆ ಬಿತ್ತು. ಅವನು ಅವುಗಳನ್ನು ನೋಡಲಿಲ್ಲ. ಎರಡೂ ಕೈಗಳನ್ನು ಬೊಗಸೆ ಮಾಡಿ, ಆ ಒಂದು ಗುಪ್ಪೆಯ ಸುತ್ತ ಇಟ್ಟು, ಒಂದು ಕಾಳೂ ಹಾರದ ಹಾಗೆ ಕಾದುಕೊಂಡು ಕೂತ.